ಮೂರೇ ಕಾಲಿನ ಕಡಲಮೊಲ

ಜನವರಿ 8

ರಸಾಯನಶಾಸ್ತ್ರದ ಸಾರ್ವಭೌಮರೂ, ಬಿಳಿ ಕೋಟಿನ ಒಂದು ಗುಂಡಿಯನ್ನೂ ಬಿಡದೆ ಹಾಕಿಕೊಳ್ಳುವವರೂ, ನನ್ನ ಅಕ್ಕನ ಪುಣ್ಯದ ಫಲವೋ ಪಾಪದ ಫಲವೋ ಎಂದು ಮನೆಯಲ್ಲಿ ಇನ್ನೂ ತೀರ್ಮಾನವಾಗದವರೂ ಆದ ಭಾವನವರ ಸನ್ನಿಧಾನಕ್ಕೆ ನಾದಿನಿ ಒಪ್ಪಿಸುವ ಮೊದಲ ವರದಿ.

ತಮ್ಮ ಕೃಪೆಯಿಂದ ದೊರೆತ ಮೂರು ತಿಂಗಳ ಕೆಲಸಕ್ಕೆ ನಿನ್ನೆ ಹಾಜರಾದೆ. ಸಂಶೋಧನಾ ಠಾಣೆ ಎಂದರೆ ಕಡಲ ಅಂಚಿಗೆ ಬೆನ್ನು ಮಾಡಿ ಕೂತ ಮೂರು ಕೋಣೆ. ಒಂದರಲ್ಲಿ ಸಿಮೆಂಟ್ ತೊಟ್ಟಿಗಳು, ಇನ್ನೊಂದರಲ್ಲಿ ನೀರೆತ್ತುವ ಪಂಪು, ಮೂರನೆಯದರಲ್ಲಿ ನಾನು. ಪಂಪು ನನಗಿಂತ ಹಿರಿಯದು, ಅದಕ್ಕೆ ಕೆಮ್ಮಲು ಹೆಚ್ಚು ಹಕ್ಕಿದೆ. ನನ್ನ ಕೋಣೆಯಲ್ಲಿ ಎರಡು ಮಂಚ. ಒಂದಕ್ಕೆ ಹಾಸಿಗೆ ಇದೆ, ಇನ್ನೊಂದರ ಮೇಲೆ ಯಾರದೋ ಹಳೆಯ ಈಜುಪಾದಗಳು ಮಲಗಿವೆ. ಫೋನಿನ ತಂತಿಯನ್ನು ಉಪ್ಪುಗಾಳಿ ಎಂದೋ ತಿಂದಿದೆ. ವಾರಕ್ಕೊಮ್ಮೆ ಬರುವ ವ್ಯಾನಿನಲ್ಲಿ ಬಾಟಲಿಗಳ ಡಬ್ಬದ ಜೊತೆ ಈ ಕಾಗದವೂ ಬರುತ್ತದೆ.

ಕಡಲಮೊಲಗಳನ್ನು ಕಂಡೆ. ತಾವು ಏಳು ವರ್ಷದಿಂದ ಅವುಗಳ ಮೇಲೆ ಪ್ರಬಂಧ ಬರೆಯುತ್ತಿದ್ದೀರಿ, ಜೀವಂತವಾಗಿ ಒಂದನ್ನೂ ನೋಡಿಲ್ಲ ಎಂದು ಅಕ್ಕ ಹೇಳಿದ್ದಾಳೆ. ಹಾಗಾಗಿ ವರ್ಣಿಸುತ್ತೇನೆ. ಕೈಯಗಲದ, ಕಂದು ಬಣ್ಣದ, ಮೂಳೆ ಇಲ್ಲದ ಒಂದು ಮುದ್ದೆ. ತಲೆಯ ಮೇಲೆ ಕಿವಿಯಂತೆ ನಿಂತ ಎರಡು ಕೊಂಬು, ಮೊಲ ಎಂಬ ಬಿರುದು ಅಷ್ಟಕ್ಕೇ. ಕಾಲಿಲ್ಲ, ಓಡುವುದಿಲ್ಲ, ಕಚ್ಚುವುದಿಲ್ಲ. ದಿನವಿಡೀ ಕೆಂಪು ಕಡಲಕಳೆ ಮೇಯುತ್ತದೆ, ಯಾರಾದರೂ ಮುಟ್ಟಿದರೆ ನೇರಳೆ ಶಾಯಿ ಕಾರುತ್ತದೆ. ನಮಗೆ ಕಳೆ ತಂದುಕೊಡುವ ಮುಳುಗುಗಾರ ನಿನ್ನೆ ಒಂದು ತಮಾಷೆ ತೋರಿಸಿದ. ತೊಟ್ಟಿಗೆ ಒಂದು ದೊಡ್ಡ ಏಡಿ ಬಿಟ್ಟ. ಏಡಿ ಮೊಲವನ್ನು ಹಿಡಿಯಿತು, ಮೊಲ ಶಾಯಿ ಕಾರಿತು. ಆ ಶಾಯಿಗೆ ಊಟದ ರುಚಿಯೇ ಇದೆಯಂತೆ. ಏಡಿ ಶಾಯಿಯನ್ನು ಅಪ್ಪಿಕೊಂಡು ಬಾಯಾಡಿಸುತ್ತ ನಿಂತಿತು. ನಿಜವಾದ ಊಟ ಪಕ್ಕದಿಂದ ಮೆಲ್ಲಗೆ ಎದ್ದು ಹೋಯಿತು.

ಎಲ್ಲಕ್ಕಿಂತ ದಪ್ಪಗಿರುವುದಕ್ಕೆ "ಭಾವ" ಎಂದು ಹೆಸರಿಟ್ಟಿದ್ದೇನೆ. ಮುಟ್ಟಿದವರ ಮೇಲೆಲ್ಲ ಎರಚಾಡಿ, ಆಮೇಲೆ ತಾನೇ ನೊಂದವನ ಹಾಗೆ ಮೂಲೆ ಸೇರುತ್ತದೆ.

ಆದೇಶ ನೆನಪಿದೆ. ಪ್ರಾಣಿಯ ಬೆನ್ನಿನ ಲೋಳೆ ಹಿಂಡಿ, ಸ್ಪಿರಿಟ್ಟಿನಲ್ಲಿ ನೆನೆಸಿ, ಕಂದು ಬಾಟಲಿಯಲ್ಲಿ ಕಳಿಸಬೇಕು. ಅದರಲ್ಲಿರುವ ಕಹಿ ವಸ್ತು ಗಾಜಿನ ತಟ್ಟೆಯ ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆ ಎಂದು ತಾವು ಕಂಡಿದ್ದೀರಿ. ಅದನ್ನು ಪ್ರಾಣಿಯೇ ತನ್ನ ಮೈಯೊಳಗೆ ತಯಾರಿಸುತ್ತದೆ ಎಂದು ಮಾರ್ಚ್ ಕೊನೆಯ ಸಮ್ಮೇಳನದಲ್ಲಿ ಸಾರಲಿದ್ದೀರಿ. ಸಾರಿದರೆ ತಮಗೆ ವಿಭಾಗದ ದೊಡ್ಡ ಕುರ್ಚಿ. ನನಗೆ ಪ್ರಬಂಧದಲ್ಲಿ ಹೆಸರು, ಡಾಕ್ಟರೇಟ್ ಸೀಟು. ಈ ಮಾತನ್ನು ಊಟದ ಮೇಜಿನಲ್ಲಿ ಅಕ್ಕನ ಎದುರಿಗೇ ಆಡಿದ್ದೀರಿ. ಪ್ರಾಣಿಯೇ ತಯಾರಿಸುತ್ತದೆ ಅಂತ ಹೇಗೆ ಗೊತ್ತು ಭಾವ ಅಂತ ನಾನು ಕೇಳಿದಾಗ ತಾವು ನಕ್ಕಿರಿ. ಆ ನಗೆಯನ್ನು ಮಡಚಿ ಪೆಟ್ಟಿಗೆಯ ತಳದಲ್ಲಿ ಇಟ್ಟುಕೊಂಡು ಬಂದಿದ್ದೇನೆ.

ತೊಟ್ಟಿ ಒಂದು: ನಲವತ್ತು ಗ್ರಾಂ.

ತಮ್ಮ ನಾದಿನಿ


ಜನವರಿ 17

ನಾದಿನಿಗೆ,

ಕಾಗದ ಬಂತು. ಬಾಟಲಿ ಒಡೆದಿಲ್ಲ, ಅಷ್ಟು ಸಮಾಧಾನ.

ನಿನ್ನನ್ನು ಅಲ್ಲಿಗೆ ಕಳಿಸಿದ್ದು ಲೋಳೆ ಹಿಂಡಲು, ಪುರಾಣ ಹೇಳಲು ಅಲ್ಲ. ಏಡಿ ಏನು ತಿಂದಿತು, ಪಂಪು ಎಷ್ಟು ಕೆಮ್ಮಿತು ಎಂಬುದರಿಂದ ವಿಜ್ಞಾನಕ್ಕೆ ಕೂದಲೆಳೆಯಷ್ಟೂ ಲಾಭವಿಲ್ಲ. ನಿನ್ನ ಎಂಎಸ್ಸಿ ಅಂಕಗಳನ್ನು ನಾನು ನೋಡಿದ್ದೇನೆ. ಅವು ತಮಾಷೆ ಮಾಡುವಷ್ಟು ಎತ್ತರದಲ್ಲಿಲ್ಲ.

ಇನ್ನು ಮುಂದೆ ಒಂದು ನಿಯಮ. ತೊಟ್ಟಿಯ ಸಂಖ್ಯೆ ಮತ್ತು ತೂಕ ಇಷ್ಟನ್ನೇ ಕೊನೆಯ ಪ್ಯಾರಾದಲ್ಲಿ ಬರೆ. ಅದರಲ್ಲಿ ಬೇರೆ ಒಂದು ಪದವೂ ಇರಕೂಡದು. ನಾನು ಕೊನೆಯ ಪ್ಯಾರಾವನ್ನು ಕತ್ತರಿಸಿ ನನ್ನ ಕಡತಕ್ಕೆ ಅಂಟಿಸಿಕೊಳ್ಳುತ್ತೇನೆ. ಮೇಲಿನ ಅರ್ಧವನ್ನು ನಿನ್ನ ಅಕ್ಕನಿಗೆ ಕೊಡುತ್ತೇನೆ. ಅವಳಿಗೆ ಶಾಲೆಯ ಉತ್ತರಪತ್ರಿಕೆ ತಿದ್ದಿ ತಿದ್ದಿ ಏನನ್ನು ಬೇಕಾದರೂ ಓದುವ ತಾಳ್ಮೆ ಬಂದಿದೆ.

ಪ್ರಾಣಿಯೇ ತಯಾರಿಸುತ್ತದೆ ಎಂಬುದಕ್ಕೆ ಸಾಕ್ಷಿ ಬೇಕೆಂದು ಮತ್ತೆ ಕೇಳಿದ್ದೀಯ. ಪ್ರಾಣಿಯ ಲೋಳೆಯಲ್ಲಿ ಇದೆ, ಆದ್ದರಿಂದ ಪ್ರಾಣಿಯದು. ಹಸುವಿನ ಕೆಚ್ಚಲಿನಲ್ಲಿ ಇರುವುದು ಹಸುವಿನ ಹಾಲೇ. ಇಷ್ಟು ತಿಳಿಯದವರಿಗೆ ನಗೆಗಿಂತ ಉತ್ತಮ ಉತ್ತರವಿಲ್ಲ.

ಎರಡನೆಯ ತೊಟ್ಟಿಯನ್ನೂ ತುಂಬಿಸು.

ಭಾವ


ಫೆಬ್ರವರಿ 2

ಕತ್ತರಿಧಾರಿಗಳಾದ ಭಾವನವರ ಸನ್ನಿಧಾನಕ್ಕೆ, ಹಾಗೂ ಈ ಅರ್ಧದ ನಿಜವಾದ ಒಡತಿಯಾದ ಅಕ್ಕನಿಗೆ,

ನಿಯಮ ಶಿರಸಾವಹಿಸಿದ್ದೇನೆ. ಕೊನೆಯ ಪ್ಯಾರಾದಲ್ಲಿ ಸಂಖ್ಯೆ, ತೂಕ. ಅಲ್ಲಿ ಬೇರೆ ಏನಾದರೂ ನುಸುಳಿದರೆ ನನ್ನ ಬೆರಳಿಗೆ ಹುಳ ಬೀಳಲಿ. ಉಳಿದದ್ದೆಲ್ಲ ಇಲ್ಲಿ, ಮೇಲೆ. ಆಜ್ಞೆಯನ್ನು ಇಷ್ಟು ಕಟ್ಟುನಿಟ್ಟಾಗಿ ಪಾಲಿಸುವ ನಾದಿನಿ ಯಾವ ಭಾವನಿಗೆ ಸಿಕ್ಕಿದ್ದಾಳೆ ಹೇಳಿ.

ಎರಡನೆಯ ತೊಟ್ಟಿ ತುಂಬಿಸಿದೆ. ಆದರೆ ಕಡಲು ಎದ್ದು ಕೂತಿದೆ. ಮುಳುಗುಗಾರ ಜೀವ ಬಿಟ್ಟು ಕಳೆ ತರಲಾರೆ ಎಂದ. ತಂದಿದ್ದ ಕಳೆ ಒಂದು ತೊಟ್ಟಿಗೆ ಮಾತ್ರ ಸಾಲುತ್ತಿತ್ತು. ಹಾಗಾಗಿ ಎರಡನೆಯ ತೊಟ್ಟಿಯವರಿಗೆ ಮಾರುಕಟ್ಟೆಯ ಲೆಟ್ಯೂಸ್ ಎಲೆ ಹಾಕಿದೆ. ನಿಜ ಹೇಳಬೇಕೆಂದರೆ ಅರ್ಧ ಅನಿವಾರ್ಯ, ಅರ್ಧ ಕಿಡಿಗೇಡಿತನ. "ಭಾವ"ನನ್ನೂ ಅದೇ ತೊಟ್ಟಿಗೆ ವರ್ಗ ಮಾಡಿದೆ. ಸಪ್ಪೆ ಊಟ ಹಾಕಿದರೆ ಅವರ ಶಾಯಿಯ ಪೌರುಷ ಏನಾಗುತ್ತದೆ ನೋಡೋಣ ಅಂತ.

ಮೊದಲ ವಾರ ಮೂತಿ ತಿರುಗಿಸಿದರು. ಎರಡನೆಯ ವಾರ ತಿಂದರು. ಈಗ ನೋಡಿ, ಅಕ್ಕ, ನಗಬೇಡ. ನಿನ್ನೆ ಬೆಳಗ್ಗೆ "ಭಾವ"ನ ಬೆನ್ನು ತಟ್ಟಿದೆ. ಎಂದಿನ ಗತ್ತಿನಲ್ಲಿ ಮೈ ಕುಗ್ಗಿಸಿದರು, ಕಾರಿದರು. ಬಂದದ್ದು ಬರೀ ನೀರು. ನೇರಳೆ ಇಲ್ಲ, ಬಣ್ಣವೇ ಇಲ್ಲ. ಸಿಟ್ಟು ಮಾತ್ರ ಹಾಗೇ ಇದೆ. ಏಡಿಯನ್ನು ಬಿಟ್ಟು ನೋಡಿದೆ. ಏಡಿ ಒಂದು ಕ್ಷಣವೂ ಮರುಳಾಗದೆ ನೇರ ಕೈ ಹಾಕಿತು. ನಾನು ಬಿಡಿಸಿದೆ, ಭಾವ ಎಷ್ಟೆಂದರೂ ಮನೆಯವರಲ್ಲವೇ.

ಅಂದರೆ ಶಾಯಿ ಅವರ ಸ್ವಂತದ್ದಲ್ಲ, ತಿಂದ ಕೆಂಪು ಕಳೆಯದು. ಶಾಯಿಯೇ ಎರವಲು ಎಂದ ಮೇಲೆ ಲೋಳೆಯ ಕಹಿ ಯಾರದು ಎಂಬ ಪ್ರಶ್ನೆ ಏಳುತ್ತದೆ. ಎರಡೂ ತೊಟ್ಟಿಗಳ ಲೋಳೆಯನ್ನು ಬೇರೆಬೇರೆಯಾಗಿ ಕಳಿಸಿದ್ದೇನೆ. ಒಂದು ಕೆಂಪು ಮೇವಿನವರದು, ಇನ್ನೊಂದು ಲೆಟ್ಯೂಸಿನವರದು. ತಾವು ದೊಡ್ಡ ಮನಸ್ಸು ಮಾಡಿ ಕತ್ತರಿ ಕೆಳಗಿಟ್ಟು ಇಷ್ಟನ್ನು ಓದಿದರೆ ಉಪಕಾರ. ಓದದಿದ್ದರೆ ಅಕ್ಕ ಓದುತ್ತಾಳೆ. ನೀವಿಬ್ಬರೂ ಒಂದೇ ತರಗತಿಯಲ್ಲಿ ಕಲಿತವರು, ಹೆಚ್ಚು ಅಂಕ ಯಾರಿಗೆ ಬಂದಿತ್ತು ಎಂದು ಇಲ್ಲಿ ಎತ್ತುವುದಿಲ್ಲ.

ತೊಟ್ಟಿ ಒಂದು: ನಲವತ್ತೆರಡು ಗ್ರಾಂ. ತೊಟ್ಟಿ ಎರಡು: ಮೂವತ್ತೆಂಟು ಗ್ರಾಂ.


ಫೆಬ್ರವರಿ 11

ನಾದಿನಿಗೆ,

ತೊಟ್ಟಿ ಒಂದರ ಬಾಟಲಿ ಸರಿಯಾಗಿದೆ. ಆ ಕಹಿ ವಸ್ತು ಇದ್ದರೆ ಏಳುವ ಯಂತ್ರದ ಗೆರೆ ನಾನು ಹೇಳಿದ ಜಾಗದಲ್ಲೇ ಎದ್ದಿದೆ. ತೊಟ್ಟಿ ಎರಡರಲ್ಲಿ ಗೆರೆ ಅಂಗಾತ ಮಲಗಿದೆ. ಏನೇನೂ ಇಲ್ಲ.

ಕಾರಣ ಊಹಿಸಲು ನಾನು ಕಷ್ಟಪಡಬೇಕಾಗಿಲ್ಲ. ಬಾಟಲಿಯ ಮುಚ್ಚಳ ಸಡಿಲ ಬಿಟ್ಟಿರುತ್ತೀಯ, ಇಲ್ಲವೇ ಬಿಸಿಲಿನಲ್ಲಿ ಇಟ್ಟಿರುತ್ತೀಯ, ಇಲ್ಲವೇ ಆ ಮುಳುಗುಗಾರನ ಜೊತೆ ಹರಟೆ ಹೊಡೆಯುತ್ತ ಲೋಳೆಯ ಬದಲು ತೊಟ್ಟಿಯ ನೀರನ್ನೇ ತುಂಬಿರುತ್ತೀಯ. ಕೈಗೆ ಕೆಲಸ ಕೊಟ್ಟರೆ ಬಾಯಿಂದ ಮಾಡುವವರು ನಿಮ್ಮ ಮನೆಯಲ್ಲಿ ನೀನೊಬ್ಬಳೇ ಅಲ್ಲ. ತೊಟ್ಟಿ ಎರಡರ ಫಲಿತಾಂಶವನ್ನು "ಕೆಟ್ಟ ಮಾದರಿ" ಎಂದು ಬರೆದು ಪಕ್ಕಕ್ಕಿಟ್ಟಿದ್ದೇನೆ.

ಪ್ರಬಂಧದಲ್ಲಿ ನಿನ್ನ ಹೆಸರಿನ ವಿಷಯ ಮರುಯೋಚನೆ ಮಾಡಬೇಕಾಗಿದೆ. ಇಂಥ ಕೆಲಸಕ್ಕೆ ಹೆಚ್ಚೆಂದರೆ ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಕೃತಜ್ಞತೆ. ಸೀಟಿನ ಮಾತು ಮುಂದಿನ ಬಾಟಲಿಗಳನ್ನು ನೋಡಿಕೊಂಡು. ಹೊಸ ಪ್ರಾಣಿಗಳಿಂದ, ಬೇರೆ ತೊಟ್ಟಿಗಳಿಂದ ಕಳಿಸು. ಸಮ್ಮೇಳನಕ್ಕೆ ನನಗೆ ಒಂದು ಎದ್ದು ಕಾಣುವ ಗೆರೆ ಬೇಕು.

ನಿನ್ನ ಅಕ್ಕ ಮೇಲಿನ ಅರ್ಧ ಓದಿ ನಗುತ್ತಾಳೆ. ಓದುತ್ತ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಬೇರೆ ಹಾಕುತ್ತಾಳೆ. ಶಾಲೆಯ ಚಟ.

ಭಾವ


ಫೆಬ್ರವರಿ 18

ಅಕ್ಕಾ,

ಈ ಅರ್ಧ ನಿನಗೇ ಬರುವುದರಿಂದ ನಿನಗೇ ಬರೆಯುತ್ತೇನೆ. ಭಾವನವರು ಬೇಕೆಂದರೆ ಹೆಗಲ ಮೇಲಿಂದ ಇಣುಕಲಿ.

ಬಾಟಲಿಯ ಮುಚ್ಚಳ ಬಿಗಿಯಾಗಿಯೇ ಇತ್ತು. ಬಿಸಿಲಿನ ಮುಖವನ್ನೇ ಅದು ನೋಡಿಲ್ಲ. ಎರಡನೆಯ ತೊಟ್ಟಿಯ ಲೋಳೆಯಲ್ಲಿ ಏನೂ ಇಲ್ಲದ್ದು ಲೋಳೆ ಕೆಟ್ಟದ್ದಕ್ಕಲ್ಲ, ಊಟ ಬದಲಾದದ್ದಕ್ಕೆ. ಲೆಟ್ಯೂಸ್ ತಿಂದವರಲ್ಲಿ ಶಾಯಿಯೂ ಇಲ್ಲ, ಕಹಿಯೂ ಇಲ್ಲ. ಪ್ರಾಣಿ ತಯಾರಿಸುವುದು ಸುಳ್ಳು. ಕಳೆಯಲ್ಲಿದ್ದದ್ದನ್ನು ತಿಂದು ಬೆನ್ನಿಗೆ ಬಳಿದುಕೊಂಡು ಮೆರೆಯುತ್ತದೆ, ಅಷ್ಟೆ. ಪಾಪ, ಅದರ ತಪ್ಪಿಲ್ಲ, ಅದು ಯಾವ ಸಮ್ಮೇಳನಕ್ಕೂ ಹೋಗುವುದಿಲ್ಲ.

ಭಾವನವರು ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು. ಈ ಮೊಲಕ್ಕೆ ಕಾಲೇ ಇಲ್ಲ. ಆದರೂ ಮೂರು ಎಣಿಸಿ ಮುಗಿಸಿದ್ದಾರೆ.

ಈಗ ನಾನು ಮಾಡಿದ್ದು ಕೇಳು. ಹೊಸ ಪ್ರಾಣಿಗಳಿಂದ ಕಳಿಸು ಎಂದಿದ್ದಾರಲ್ಲ, ನಾನು ಪ್ರಾಣಿಯನ್ನೇ ಮುಟ್ಟಲಿಲ್ಲ. ಕೆಂಪು ಕಳೆಯನ್ನು ತೊಟ್ಟಿ ಮೂರರಲ್ಲಿ ಇಟ್ಟಿದ್ದೆ, ಅದನ್ನೇ ಅರೆದು ಸ್ಪಿರಿಟ್ಟಿನಲ್ಲಿ ನೆನೆಸಿದೆ. ಸ್ಪಿರಿಟ್ಟಿಗೆ ಬಿದ್ದ ಮೇಲೆ ಕಳೆಯೂ ಲೋಳೆಯೂ ಒಂದೇ ಕೆಸರಿನ ಬಣ್ಣ. ಮೂರನೆಯ ಬಾಟಲಿ ಅದು.

ನಾಲ್ಕನೆಯದಕ್ಕೆ ಬೇರೆ ಕಥೆ ಇದೆ. ನೆರಳಿನ ಬಂಡೆಯಿಂದ ಬಂದ ಕಳೆ ಜಾರುತ್ತದೆ, ಮೈಮೇಲೆ ತೆಳುವಾದ ನೀಲಿ-ಹಸಿರು ಪಾಚಿ. ಅದನ್ನು ಮುಟ್ಟಿದ ದಿನ ನನ್ನ ಬೆರಳು ಚುರುಗುಟ್ಟುತ್ತವೆ. ಪಾಚಿ ಇಲ್ಲದ ಕಳೆ ಮುಟ್ಟಿದರೆ ಏನೂ ಇಲ್ಲ. ಇದು ಒಂದೆರಡು ಸಲವಲ್ಲ, ಪ್ರತಿ ಸಲ. ತೊಟ್ಟಿ ಮೂರರದೂ ಆ ಪಾಚಿಯ ಕಳೆಯೇ. ಹಾಗಾಗಿ ಅರೆಯುವ ಮೊದಲೇ ಅದರಲ್ಲಿ ಅರ್ಧ ಭಾಗವನ್ನು ನನ್ನ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಎಳೆ ಎಳೆಯಾಗಿ ಉಜ್ಜಿ, ತೊಳೆದು, ತೊಟ್ಟಿ ನಾಲ್ಕಕ್ಕೆ ಹಾಕಿದೆ. ಆ ತೊಳೆದ ಕಳೆಯೇ ನಾಲ್ಕನೆಯ ಬಾಟಲಿ. ಮೂರರಲ್ಲಿ ಗೆರೆ ಎದ್ದು ನಾಲ್ಕರಲ್ಲಿ ಮಲಗಿದರೆ ಕಳೆಯೂ ನಿರಪರಾಧಿ. ಕಹಿ ಮಾಡುವುದು ಪಾಚಿ. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿದ ಕಥೆ ಕೇಳಿದ್ದೇವೆ. ಇಲ್ಲಿ ಮೇಕೆಯೇ ತನ್ನ ಬಾಯಿಗೆ ಒರೆಸಿಕೊಂಡು ಓಡಾಡುತ್ತಿದೆ, ಒರೆಸಿಕೊಂಡದ್ದಕ್ಕೆ ಭಾವ ಹಾರ ಹಾಕಲು ಹೊರಟಿದ್ದಾರೆ.

ಬಾಟಲಿಯ ಮೇಲೆ ಸಂಖ್ಯೆ ಬಿಟ್ಟು ಏನೂ ಬರೆದಿಲ್ಲ. ಅವರ ನಿಯಮ. ಅವರಿಗೆ ಇದು ಮುಟ್ಟಬೇಕೆಂದಿದ್ದರೆ ಮುಟ್ಟುತ್ತದೆ. ನೀನು ಹೇಳಿ ನೋಡು, ನಿನ್ನ ಮಾತಾದರೂ ಕೇಳುತ್ತಾರೇನೋ.

ತೊಟ್ಟಿ ಮೂರು: ಅರವತ್ತು ಗ್ರಾಂ. ತೊಟ್ಟಿ ನಾಲ್ಕು: ಅರವತ್ತು ಗ್ರಾಂ.


ಫೆಬ್ರವರಿ 27

ನಾದಿನಿಗೆ,

ಕೊನೆಗೂ ನಿನ್ನಿಂದ ಒಂದು ಒಳ್ಳೆಯ ಕೆಲಸವಾಗಿದೆ. ನಿನ್ನ ಯೋಗ್ಯತೆಗಿಂತ ಪ್ರಾಣಿಯ ಯೋಗ್ಯತೆಯೇ ದೊಡ್ಡದು, ಆದರೂ ಹೇಳುತ್ತಿದ್ದೇನೆ. ತೊಟ್ಟಿ ಮೂರರ ಗೆರೆ ಕಾಗದದ ಮೇಲಂಚನ್ನು ದಾಟಿ ಹೋಗಿದೆ. ತೊಟ್ಟಿ ಒಂದಕ್ಕಿಂತ ಐದು ಪಟ್ಟು. ಏಳು ವರ್ಷದಲ್ಲಿ ಇಂಥ ಪ್ರಾಣಿ ನನಗೆ ಸಿಕ್ಕಿರಲಿಲ್ಲ.

ಅದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೋ. ಬೇರೆಯವುಗಳ ಜೊತೆ ಬೆರೆಸಬೇಡ. ಅದರ ಚಟುವಟಿಕೆ, ಮಲಗುವ ಹೊತ್ತು, ಸ್ವಭಾವ ಎಲ್ಲ ಗಮನಿಸು. ಸಾಧ್ಯವಾದರೆ ಮೊಟ್ಟೆ ಇಡಿಸಿ ಸಂತಾನ ಬೆಳೆಸು. ಸಮ್ಮೇಳನದಲ್ಲಿ ದೊಡ್ಡ ಪರದೆಯ ಮೇಲೆ ಹಾಕಲು ಅದರ ಒಂದು ಫೋಟೋ ಕಳಿಸು. ಮುಖ ಸರಿಯಾಗಿ ಕಾಣಬೇಕು.

ತೊಟ್ಟಿ ನಾಲ್ಕು ಶೂನ್ಯ. ನನ್ನ ಕಡತದಲ್ಲಿ ಹಾಗೇ ಬರೆದು ಸಹಿ ಮಾಡಿದ್ದೇನೆ. ಆ ಪ್ರಾಣಿ ಮೈಗಳ್ಳ, ಕಡಲಿಗೆ ಎಸೆದುಬಿಡು.

ನಿನ್ನ ಅಕ್ಕ ಈಗೀಗ ನಿನ್ನ ಕಾಗದ ಓದಿ ನಗುವುದನ್ನು ಬಿಟ್ಟಿದ್ದಾಳೆ. ನಿನ್ನ ತಮಾಷೆ ಅವಳಿಗೂ ಸಾಕಾಗಿರಬೇಕು. ಎರಡು ಸಲ ಆ ಕಾಗದ ಹಿಡಿದುಕೊಂಡು ನನ್ನ ಕೋಣೆಗೆ ಬಂದಳು. ನಾನು ಭಾಷಣ ಸಿದ್ಧಪಡಿಸುತ್ತಿದ್ದೆ. ಎಲೆ, ಕಳೆ, ಬ್ರಷ್ಷು ಎಂದು ಏನೋ ಶುರು ಮಾಡಿದಳು. ಮನೆ ಸಾಮಾನಿನ ಪಟ್ಟಿ ಆಮೇಲೆ ಎಂದೆ.

ಭಾವ


ಮಾರ್ಚ್ 7

ಭಾವ, ಈ ಸಲ ಮೇಲಿನ ಅರ್ಧವೇ ಇಲ್ಲ. ಒಂದೇ ಪ್ಯಾರಾ, ಅದೇ ಕೊನೆಯದು, ಕತ್ತರಿಸಲು ಏನೂ ಉಳಿಸಿಲ್ಲ. ತೊಟ್ಟಿ ಮೂರರಲ್ಲಿ ಇದ್ದದ್ದು ಪ್ರಾಣಿಯಲ್ಲ, ಕೆಂಪು ಕಳೆ. ಕಳೆಯನ್ನೇ ಅರೆದು ಕಳಿಸಿದ್ದೆ. ತೊಟ್ಟಿ ಎರಡರಲ್ಲಿ ಏನೂ ಇಲ್ಲದ್ದು ಆ ಪ್ರಾಣಿಗಳು ಲೆಟ್ಯೂಸ್ ತಿಂದದ್ದಕ್ಕೆ. ನೀವು ಹುಡುಕುತ್ತಿರುವುದನ್ನು ಕಡಲಮೊಲ ತಯಾರಿಸುವುದಿಲ್ಲ. ಇದನ್ನು ಹಿಂದಿನ ಎರಡು ಕಾಗದಗಳಲ್ಲೂ ಬರೆದಿದ್ದೆ. ನೀವು ಸಭೆಯಲ್ಲಿ ಕಳೆಯ ಫೋಟೋಗೆ ಮುಖ ಹುಡುಕುವುದನ್ನು ನೋಡುವ ಆಸೆ ನನಗೆ ಬಹಳ ಇತ್ತು, ಈಗಲೂ ಇದೆ. ಆದರೆ ಮುಂದಿನ ಸಾಲಿನಲ್ಲಿ ಅಕ್ಕ ಕೂತಿರುತ್ತಾಳೆ, ಜನ ನಗುವಾಗ ಯಾರ ಹೆಂಡತಿ ಎಂದು ಅವಳ ಕಡೆಗೂ ತಿರುಗುತ್ತಾರೆ. ಆದ್ದರಿಂದ ಹೇಳುತ್ತಿದ್ದೇನೆ. ಇದನ್ನು ಕಂಡದ್ದು ನಾನು. ಪ್ರಬಂಧದಲ್ಲಿ ನನ್ನ ಹೆಸರು ಹಾಕಿ, ಸೀಟಿನ ಮಾತು ಉಳಿಸಿಕೊಳ್ಳಿ. ತೊಟ್ಟಿ ನಾಲ್ಕರ ಬಗ್ಗೆಯೂ ಒಂದು ಮಾತಿದೆ, ಅದು ಇದಕ್ಕಿಂತ ದೊಡ್ಡದು. ನೀವು ಕೇಳಿದರೆ ಹೇಳುತ್ತೇನೆ.


ಮಾರ್ಚ್ 15

ನಾದಿನಿಗೆ,

ನಿನ್ನ ಕಾಗದವನ್ನು ಮೊದಲ ಸಲ ಪೂರ್ತಿ ಓದಿದೆ. ಇದುವರೆಗೆ ನೀನು ಮಾಡಿದ ತಮಾಷೆಗಳಲ್ಲಿ ಇದೇ ಮೇಲು. ನೀನು ನಗದೆ ಬರೆದಿದ್ದೀಯ ಎಂಬುದೇ ಅದರ ಗುಟ್ಟು ಬಿಟ್ಟುಕೊಟ್ಟಿತು. ಭಾಷಣಕ್ಕೆ ಎರಡು ವಾರವಿರುವಾಗ ನನ್ನನ್ನು ಬೆಚ್ಚಿಬೀಳಿಸಿ ಮಜಾ ನೋಡಬೇಕೆಂದಿದ್ದೀಯ. ಕಾಗದ ಕಸದ ಬುಟ್ಟಿಗೆ ಹೋಗಿದೆ.

ತೊಟ್ಟಿ ನಾಲ್ಕರ ಬಗ್ಗೆ ಕೇಳುವ ಕುತೂಹಲ ನನಗಿಲ್ಲ.

ನಿನ್ನ ಕೆಲಸದ ಅವಧಿ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಮುಂದುವರಿಸುವಂತೆ ನಾನು ಬರೆಯುವುದಿಲ್ಲ. ಸೀಟನ್ನೂ ಮರೆತುಬಿಡು. ವಿಜ್ಞಾನಕ್ಕೆ ಗಂಭೀರ ಸ್ವಭಾವ ಬೇಕು, ಅದು ನಿನ್ನಲ್ಲಿ ಇಲ್ಲ. ಬೇರೆ ಕಡೆ ಪ್ರಯತ್ನಿಸಿದರೆ ನಿನ್ನ ನಡತೆಯ ಬಗ್ಗೆ ಒಳ್ಳೆಯ ಮಾತನ್ನೇ ಬರೆದುಕೊಡುತ್ತೇನೆ, ನಿನ್ನ ಅಕ್ಕನ ಮುಖ ನೋಡಿಕೊಂಡು.

ಭಾವ


ಏಪ್ರಿಲ್ 1

ದೂರದೃಷ್ಟಿಯ ದೀಪಸ್ತಂಭಗಳೂ, ಕಸದ ಬುಟ್ಟಿಯಿಂದಲೂ ಜ್ಞಾನ ಹೆಕ್ಕಬಲ್ಲ ಮಹಾತ್ಮರೂ ಆದ ಭಾವನವರಿಗೆ,

ಇವತ್ತಿನ ತಾರೀಖು ನೋಡಿ ಇದನ್ನು ಹುಸಿ ಎಂದುಕೊಳ್ಳಬೇಡಿ. ತಾರೀಖು ನಾನು ಆರಿಸಿಕೊಂಡದ್ದಲ್ಲ, ವ್ಯಾನು ಬರುವುದು ಇಂದೇ.

ಬೆಳಗ್ಗೆ ಲೆಟ್ಯೂಸ್ ಸುತ್ತಿಕೊಂಡು ಬಂದ ಪತ್ರಿಕೆಯ ಹಾಳೆಯಲ್ಲಿ ತಮ್ಮ ಭಾವಚಿತ್ರವಿತ್ತು. ಕೋಟಿನ ಗುಂಡಿ ಎಲ್ಲ ಹಾಕಿದ್ದವು. ನೀರಿನ ಕಲೆ ಮೂಗಿನ ಮೇಲೆ ಬಿದ್ದಿತ್ತು, ಒರೆಸಿ ಓದಿದೆ. "ಔಷಧಿ ಪ್ರಾಣಿಯದಲ್ಲ, ಕಡಲಕಳೆಯದು, ವಿಜ್ಞಾನಿಯ ದಿಟ್ಟ ಊಹೆ". ಪ್ರಾಣಿಗಳ ಆಹಾರ ಬದಲಿಸಿ ನೋಡುವ ಯೋಚನೆ ತಮಗೆ ಒಂದು ಸಂಜೆ ವಾಕಿಂಗಿನಲ್ಲಿ ಹೊಳೆಯಿತಂತೆ. ಕಳೆಯನ್ನೇ ನೇರವಾಗಿ ಪರೀಕ್ಷಿಸುವ ಧೈರ್ಯ ಬೇರೆ ಯಾರೂ ಮಾಡಿರಲಿಲ್ಲವಂತೆ. ಏಳು ವರ್ಷದ ಸ್ವಂತ ನಂಬಿಕೆಯನ್ನು ಸಭೆಯ ನಡುವೆ ತಾವೇ ಮುರಿದು ಹಾಕಿದ ವಿನಯಕ್ಕೆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ನಾನೂ ಇಲ್ಲಿ ಎದ್ದು ನಿಂತೆ. ಪಂಪು ಕೆಮ್ಮಿತು.

ತಮ್ಮ ವಾಕಿಂಗಿಗೆ ನನ್ನ ದೀರ್ಘದಂಡ ನಮಸ್ಕಾರ. ಕಡಲಮೊಲವನ್ನು ಏಳು ವರ್ಷ ನೋಡದೆಯೇ ಅದರ ವಿದ್ಯೆಯನ್ನು ಇಷ್ಟು ಚೆನ್ನಾಗಿ ಕಲಿತವರು ಇನ್ನೊಬ್ಬರಿಲ್ಲ. ತಿಂದದ್ದು ಪರರದು, ಬೆನ್ನಿನ ಹೊಳಪು ಸ್ವಂತದ್ದು. ಒಂದೇ ವ್ಯತ್ಯಾಸ. ಮೊಲ ತಾನು ತಿನ್ನುವುದೇನು ಎಂದು ಪೂರ್ತಿ ನೋಡಿ ತಿನ್ನುತ್ತದೆ.

ಠಾಣೆಯವರು ಬದಲಿ ಜನ ಬರುವವರೆಗೆ ಪ್ರಾಣಿಗಳಿಗೆ ಮೇವು ಹಾಕುತ್ತಿರು ಎಂದಿದ್ದಾರೆ. ಹಾಗಾಗಿ ಇನ್ನೂ ಇಲ್ಲೇ ಇದ್ದೇನೆ. "ಭಾವ"ನನ್ನು ಮತ್ತೆ ಕೆಂಪು ಕಳೆಗೆ ಹಚ್ಚಿದ್ದೇನೆ. ಶಾಯಿ ಮೆಲ್ಲಗೆ ಮರಳುತ್ತಿದೆ.

ಕೊನೆಯ ಪ್ಯಾರಾ ಇದು. ತೂಕ ಮಾಡಲು ಈ ವಾರ ಏನೂ ಇಲ್ಲ.


ಏಪ್ರಿಲ್ 13

ಪ್ರೀತಿಯ ನಾದಿನಿಗೆ ಭಾವನ ಅನಂತ ಆಶೀರ್ವಾದಗಳು.

ಹೇಗಿದ್ದೀಯಮ್ಮ? ಉಪ್ಪುಗಾಳಿಗೆ ಗಂಟಲು ಕೆಡದಂತೆ ನೋಡಿಕೋ. ಪಂಪಿನ ಕೆಮ್ಮು ಈಗ ಹೇಗಿದೆ? ನಿನ್ನ ಆ ಏಡಿಯ ಪ್ರಸಂಗ ನೆನೆದು ನಿನ್ನೆ ನಾನೊಬ್ಬನೇ ನಕ್ಕೆ. ನೋಡು, ನನಗೂ ತಮಾಷೆ ಬರುತ್ತದೆ.

ಪತ್ರಿಕೆಯವರು ಏನೇನೋ ಬರೆಯುತ್ತಾರೆ, ನಿನ್ನ ಹೆಸರನ್ನು ನಾನು ಹೇಳಿಯೇ ಇದ್ದೆ, ಅವರು ಬಿಟ್ಟಿದ್ದಾರೆ. ಹೋಗಲಿ. ವಿಷಯ ಬೇರೆ ಇದೆ. ಸಭೆಯಲ್ಲಿ ಚಪ್ಪಾಳೆ ಮುಗಿದ ಮೇಲೆ ಒಬ್ಬ ಹಿರಿಯ ಹೆಂಗಸು ಎದ್ದು, ಕಳೆಯ ಮೇಲೆ ಪಾಚಿ ಕಟ್ಟಿರುತ್ತದಲ್ಲ, ಕಳೆಯನ್ನು ಉಜ್ಜಿ ತೊಳೆದು ನೋಡಿದ್ದೀರಾ ಎಂದು ಕೇಳಿದಳು. ನೂರಾರು ಜನ ನೋಡುತ್ತಿದ್ದರು. ನೋಡಿದ್ದೇವೆ, ತೊಳೆದ ಕಳೆಯಲ್ಲೂ ಇದೆ ಎಂದುಬಿಟ್ಟೆ. ಈಗ ಕುರ್ಚಿಯ ಸಮಿತಿಯಲ್ಲಿ ಆಕೆಯೇ ಕೂತಿದ್ದಾಳೆ. ಆ ಫಲಿತಾಂಶವನ್ನು ಲಿಖಿತವಾಗಿ ಕೊಡಿ ಎನ್ನುತ್ತಿದ್ದಾಳೆ.

ಕಡತ ತೆಗೆದು ನೋಡಿದೆ. ತೊಟ್ಟಿ ನಾಲ್ಕು, ಅರವತ್ತು ಗ್ರಾಂ, ಶೂನ್ಯ. ನನ್ನದೇ ಅಕ್ಷರ, ನನ್ನದೇ ಸಹಿ. ಅದು ಏನು ಎಂದು ಮಾತ್ರ ಎಲ್ಲೂ ಇಲ್ಲ. ಅದರ ಬಗ್ಗೆ ಒಂದು ದೊಡ್ಡ ಮಾತಿದೆ ಎಂದು ನೀನು ಬರೆದಿದ್ದೆ. ಸಭೆಯ ದಿನದಿಂದ ನಿದ್ದೆಯಲ್ಲಿ ನಿನ್ನ ಅಕ್ಕ ಅಂದು ಎತ್ತಿದ ಆ ಬ್ರಷ್ಷು ಬರುತ್ತಿದೆ.

ನಿನ್ನ ಅಕ್ಕನನ್ನು ಕೇಳಿದೆ. ಅವಳು ಉತ್ತರಪತ್ರಿಕೆಯಿಂದ ಕಣ್ಣೆತ್ತದೆ, "ಮೇಲಿನ ಅರ್ಧದಲ್ಲಿತ್ತು. ಎರಡು ಸಲ ಬಂದೆ. ನಿಮಗೆ ಕೆಲಸವಿತ್ತು," ಎಂದಳು. ಆ ಅರ್ಧ ಕೊಡು ಎಂದೆ. ನನಗೆ ಕೊಟ್ಟಿದ್ದು, ನನ್ನದು ಎಂದಳು. ಮಾರನೆಯ ದಿನ ಶಾಲೆಗೆ ರಜೆ ಹಾಕಿ, ನಿನ್ನನ್ನು ನೋಡಿ ಬರುತ್ತೇನೆಂದು ಹೊರಟಳು. ನಿನ್ನ ಮೇಲಿನ ಅರ್ಧಗಳ ಕಟ್ಟನ್ನೂ, ನಿನಗೆ ಬರೆದ ಕಾಗದಗಳದ್ದು ನಾನು ಇಟ್ಟುಕೊಂಡಿದ್ದ ನಕಲುಗಳನ್ನೂ ಚೀಲಕ್ಕೆ ಹಾಕಿಕೊಂಡಳು. ಯಾವಾಗ ಬರುತ್ತೀಯ ಎಂದರೆ, ಇನ್ನೊಂದು ಮಂಚಕ್ಕೆ ಹಾಸಿಗೆ ಇದೆಯಾ ನೋಡಬೇಕು ಎಂದಳು. ಏನು ಮಾತು ಅದು, ನನಗೆ ಅರ್ಥವಾಗಲಿಲ್ಲ. ಈ ಮನೆಯಲ್ಲಿ ಕತ್ತರಿಯೂ ಕಾಣುತ್ತಿಲ್ಲ.

ನೇರವಾಗಿ ಕೇಳುತ್ತೇನೆ. ತೊಟ್ಟಿ ನಾಲ್ಕರಲ್ಲಿ ಇದ್ದದ್ದು ಏನೇ ಇರಲಿ, ಅದು ಒಂದು ಪ್ರಾಣಿಯೇ ಆಗಿತ್ತು, ಕಾಯಿಲೆ ಬಿದ್ದ ಪ್ರಾಣಿ ಎಂದು ಒಂದು ಸಾಲು ಬರೆದು ಸಹಿ ಮಾಡಿ ಕಳಿಸು. ಒಂದೇ ಸಾಲು. ನಿನ್ನ ಹೆಸರು ಪ್ರಬಂಧದಲ್ಲಿ ನನ್ನ ಹೆಸರಿನ ಪಕ್ಕದಲ್ಲೇ ಬರುತ್ತದೆ. ಸೀಟು ಈ ವರ್ಷವೇ ಸಿಗುತ್ತದೆ, ನನ್ನ ಮಾತು. ನೀನು ಎಷ್ಟು ಉದ್ದ ಬರೆದರೂ ಪೂರ್ತಿ ಓದುತ್ತೇನೆ. ಮೊದಲಿನ ಹಾಗೆ ಬರೆ, ಕಡಲು, ಏಡಿ, ಮುಳುಗುಗಾರ, ಎಲ್ಲ ಬರೆ. ಆ ಒಂದು ಸಾಲು ಕೊನೆಯಲ್ಲಿರಲಿ.

ಕಾಯುತ್ತಿರುವ,
ನಿನ್ನ ಭಾವ


ಏಪ್ರಿಲ್ 22

ಮೇಲಿನ ಅರ್ಧ ಅಕ್ಕನ ಹತ್ತಿರ ಇದೆ. ನಿಮ್ಮ ಕತ್ತರಿಯಿಂದಲೇ ಕತ್ತರಿಸಿಕೊಂಡಳು, ಬಹಳ ಹರಿತವಾಗಿದೆ. ಕೆಂಪು ಪೆನ್ನಿನ ಗುರುತುಗಳ ಪ್ರಕಾರ ಉಳಿದ ಅರ್ಧಗಳ ಜೊತೆ ಟೈಪ್ ಮಾಡುತ್ತಿದ್ದಾಳೆ. ಪ್ರಬಂಧ ನಮ್ಮಿಬ್ಬರ ಹೆಸರಿನಲ್ಲಿ ಆ ಹಿರಿಯ ಹೆಂಗಸಿಗೇ ಹೋಗುತ್ತದೆ. ಬಾಟಲಿಗಳನ್ನು ಯಂತ್ರಕ್ಕೆ ಹಾಕಿಕೊಟ್ಟವರಿಗೆ ಕೊನೆಯಲ್ಲಿ ಸಣ್ಣ ಅಕ್ಷರದ ಒಂದು ಕೃತಜ್ಞತೆ ಇರುತ್ತದೆ. ನೀವು ಕೇಳಿದ ಸಾಲು, ನಿಯಮದ ಪ್ರಕಾರ, ಕೆಳಗಿದೆ.

ತೊಟ್ಟಿ ನಾಲ್ಕು: ಅರವತ್ತು ಗ್ರಾಂ.